ಗಣಕಯಂತ್ರದ ಶಸ್ತ್ರಚಿಕಿತ್ಸೆಗೆ ಮುನ್ನ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಪ್ರತಿ ವರ್ಷವೂ ನಾಲ್ಕಾರು ಆರೋಗ್ಯ ಲೇಖನಗಳು ಪ್ರಕಟವಾಗುವುದು ವಾಡಿಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳನ್ನು ಕುರಿತು ತಜ್ಞ ವೈದ್ಯರು ಬರೆಯುವ ಆ ಪುಟಗಳ ನಡುವೆ, ವಾಣಿಜ್ಯ ಪದವೀಧರನಾದ ಬ್ಯಾಂಕ್ ಅಧಿಕಾರಿಯೊಬ್ಬನಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಸಂಪಾದಕ ಮಿತ್ರರನ್ನು ನಾನೂ ಅದನ್ನೇ ಕೇಳಿದೆ. "ವೈದ್ಯರು ಕೇಳುವ ಹಳೆಯ ರಿಪೋರ್ಟುಗಳು ಈಗ ಇರುವುದೆಲ್ಲಿ? ಕಂಪ್ಯೂಟರಿನಲ್ಲಿ ತಾನೆ? ಅದರ ಆರೋಗ್ಯದ ಬಗ್ಗೆ ನೀವು ಬರೆಯಿರಿ. ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಬರೆಯಿರಿ" ಎಂದರು. ನಡೆದದ್ದು ನನ್ನ ಜಾಣತನಕ್ಕೆ ಭೂಷಣವಾಗುವಂಥದಲ್ಲ. ಆದರೂ ನಾಲ್ಕು ಜನರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನನ್ನ ತಾಯಿಯವರಿಗೆ ಎಪ್ಪತ್ತನಾಲ್ಕು ವರ್ಷ. ಸಕ್ಕರೆ ಕಾಯಿಲೆ ಹಳೆಯದು. ಮೂತ್ರಪಿಂಡಗಳ ಕೆಲಸ ಸ್ವಲ್ಪ ಕುಂದಿದೆ. ಒಂಬತ್ತು ವರ್ಷಗಳ ರಕ್ತಪರೀಕ್ಷೆಯ ರಿಪೋರ್ಟುಗಳನ್ನೂ ಇ.ಸಿ.ಜಿ.ಗಳನ್ನೂ ಸ್ಕ್ಯಾನ್ ಮಾಡಿ ಮನೆಯ ಲ್ಯಾಪ್‌ಟಾಪಿನಲ್ಲಿ ವರ್ಷವಾರು ಜೋಡಿಸಿಟ್ಟಿದ್ದೆ. ಕುರ್ಲಾದ ನಮ್ಮ ಒಂದು ಕೋಣೆ, ಅಡುಗೆಮನೆಯ ಫ್ಲ್ಯಾಟಿನಲ್ಲಿ ಕಾಗದಕ್ಕೆ ಜಾಗವೆಲ್ಲಿ? ಗೋಡೆಗೆ ಬಣ್ಣ ಹೊಡೆಸುವಾಗ ಮೂಲ ಕಾಗದಗಳನ್ನು ರದ್ದಿಯವನಿಗೆ ಕೊಟ್ಟುಬಿಟ್ಟೆ. 2025ರ ನವೆಂಬರಿನಲ್ಲಿ ತಾಯಿಯವರಿಗೆ ಎದೆನೋವು ಕಾಣಿಸಿಕೊಂಡು, ಹೃದ್ರೋಗ ತಜ್ಞರು ಆಂಜಿಯೋಗ್ರಫಿ ಮಾಡಿಸಬೇಕೆಂದರು. ಆ ಪರೀಕ್ಷೆಗೆ ರಕ್ತನಾಳಕ್ಕೆ ಬಿಡುವ ಬಣ್ಣದ ದ್ರವ ಮೂತ್ರಪಿಂಡಗಳಿಗೆ ಭಾರವಾಗಬಹುದಾದ್ದರಿಂದ, ಹಿಂದಿನ ವರ್ಷಗಳ ಕ್ರಿಯಾಟಿನಿನ್ ಅಂಕಿಗಳನ್ನು ಮಂಗಳವಾರ ತರಲು ಹೇಳಿದರು. ಅದರ ಹಿಂದಿನ ಭಾನುವಾರವೇ ನಾನು ಲ್ಯಾಪ್‌ಟಾಪಿನ 'ನವೀಕರಣ'ಕ್ಕೆ ಕೈಹಾಕಿದ್ದೆ. ವಿಂಡೋಸ್ 10ರಿಂದ ವಿಂಡೋಸ್ 11ಕ್ಕೆ ಹೋಗಬೇಕು, ಅದಕ್ಕೆ ಮೊದಲು ಬಯೋಸ್ ಹೊಸದಾಗಬೇಕು ಎಂದು ಎಲ್ಲಿಯೋ ಓದಿದ್ದೆ. ಗುಂಡಿ ಒತ್ತಿದೆ, ಚಹಾ ಕುಡಿದು ಬಂದೆ. ಪರದೆ ನೀಲಿಯಾಗಿತ್ತು. 48 ಅಂಕಿಗಳ ರಿಕವರಿ ಕೀಯನ್ನು ನಮೂದಿಸಿರೆಂದು ಯಂತ್ರ ಕೇಳುತ್ತಿತ್ತು. ಅಂಥದೊಂದು ಕೀ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

ಮಂಗಳವಾರ ನಾವು ಬರಿಗೈಯಲ್ಲಿ ಹೋದೆವು. ಆ ದಿನದ ರಕ್ತಪರೀಕ್ಷೆಯ ಅಂಕಿಯೊಂದೇ ಸಿಕ್ಕಿತು. ಅದು ಹಳೆಯ ಮಟ್ಟವೋ ಹೊಸದಾಗಿ ಏರಿದ್ದೋ ತಿಳಿಯದೆ ವೈದ್ಯರು ಆಂಜಿಯೋಗ್ರಫಿಯನ್ನು ಮುಂದೂಡಿದರು. ಆ ನಾಲ್ಕು ರಾತ್ರಿ ತಾಯಿಯವರ ಉಸಿರಾಟವನ್ನು ಆಲಿಸುತ್ತ ನಾನು ನಿದ್ದೆಗೆಟ್ಟೆ. ಕೊನೆಗೆ ಸಿಕ್ಕ ಉತ್ತರ ಸರಳವಾಗಿತ್ತು. ಲ್ಯಾಪ್‌ಟಾಪ್ ಕೊಂಡ ದಿನ ಅದರಲ್ಲಿ ಖಾತೆ ತೆರೆದವನು, ಆಗ ಶಾಲೆಯಲ್ಲಿದ್ದ ನನ್ನ ಮಗ. ಈಗ ಬೆಂಗಳೂರಿನಲ್ಲಿ ಓದುತ್ತಿರುವ ಅವನು ಮರೆತುಹೋದ ಆ ಮೈಕ್ರೋಸಾಫ್ಟ್ ಖಾತೆಯನ್ನು ಹೇಗೋ ತೆರೆದು ನೋಡಿದಾಗ, ಕೀ ಅಲ್ಲಿ ಭದ್ರವಾಗಿ ಕುಳಿತಿತ್ತು. ಅಂಕಿಗಳನ್ನು ಅವನು ಫೋನಿನಲ್ಲಿ ಓದಿ ಹೇಳಿದ; ತಾಯಿಯವರೇ ಪಕ್ಕದಲ್ಲಿ ಕುಳಿತು ಕಾಗದದ ಮೇಲೆ ಬರೆದುಕೊಂಡರು. ರಿಪೋರ್ಟುಗಳು ಸಿಕ್ಕವು, ಪರೀಕ್ಷೆಯೂ ಸುಸೂತ್ರವಾಗಿ ನಡೆಯಿತು. ತಪ್ಪು ಯಂತ್ರದ್ದಲ್ಲ, ತಯಾರಕರದ್ದೂ ಅಲ್ಲ; ಪೂರ್ವಸಿದ್ಧತೆಯಿಲ್ಲದೆ ರೋಗಿಯನ್ನು ಮೇಜಿನ ಮೇಲೆ ಮಲಗಿಸಿದ ನನ್ನದೇ.

ಈಗ ವಿಷಯಕ್ಕೆ ಬರೋಣ. ಗಣಕಯಂತ್ರದೊಳಗೆ ನಮ್ಮ ಕಣ್ಣಿಗೆ ಬೀಳುವುದು ಆಪರೇಟಿಂಗ್ ಸಿಸ್ಟಮ್ ಒಂದೇ, ಅಂದರೆ ವಿಂಡೋಸ್. ಅದರ ಕೆಳಗೆ ಇನ್ನೆರಡು ಪದರಗಳಿವೆ. ತೀರ ಕೆಳಗಿನದು ಫರ್ಮ್‌ವೇರ್. ಯಂತ್ರದ ಮುಖ್ಯ ಹಲಗೆಯ ಮೇಲಿನ ಒಂದು ಚಿಪ್ಪಿನಲ್ಲಿ ತಯಾರಕರು ಬರೆದಿಟ್ಟಿರುವ ಈ ತಂತ್ರಾಂಶವನ್ನು ಹಿಂದೆ ಬಯೋಸ್ ಎನ್ನುತ್ತಿದ್ದರು; ಇಂದಿನದು ಯುಇಎಫ್‌ಐ ಆದರೂ ರೂಢಿಯಲ್ಲಿ ಬಯೋಸ್ ಎಂಬ ಹೆಸರೇ ಉಳಿದಿದೆ. ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಇದು. ಕೈಕಾಲು ಆಡುತ್ತವೆಯೇ ಎಂದು ಪರೀಕ್ಷಿಸಿ, ಆಮೇಲೆ ವಿಂಡೋಸನ್ನು ಎಬ್ಬಿಸುತ್ತದೆ. ಎರಡನೆಯ ಪದರ ಡ್ರೈವರುಗಳದು. ಪ್ರಿಂಟರ್, ವೈಫೈ, ಧ್ವನಿ, ಪರದೆ ಇವುಗಳಲ್ಲಿ ಒಂದೊಂದರ ಭಾಷೆ ಒಂದೊಂದು. ಅದನ್ನು ವಿಂಡೋಸಿಗೆ ಅರ್ಥವಾಗುವಂತೆ ತಿಳಿಸುವ ದುಭಾಷಿಯೇ ಡ್ರೈವರ್.

ಮೇಲಿನದನ್ನು ಬದಲಿಸುವ ಮೊದಲು ಕೆಳಗಿನವನ್ನು ಏಕೆ ಸರಿಪಡಿಸಬೇಕು? ಕುರ್ಲಾದವರಿಗೆ ಇದನ್ನು ಹೇಳಲು ನಮ್ಮ ರೈಲ್ವೆ ನಿಲ್ದಾಣವೇ ಸಾಕು. ಭಾರತದ ಮೊಟ್ಟಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೊಂಬಾಯಿ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಹೊರಟು ಬಂದು ನಿಂತದ್ದು ಇದೇ ಕುರ್ಲಾದಲ್ಲಿ, ಹಾರ್ಬರ್ ಮಾರ್ಗದಲ್ಲಿ. ಅಂದಿನ 1,500 ವೋಲ್ಟಿನ ಡಿ.ಸಿ. ವಿದ್ಯುತ್ತು ಹೋಗಿ ಆ ಮಾರ್ಗಕ್ಕೆ 25,000 ವೋಲ್ಟಿನ ಎ.ಸಿ. ಬಂದದ್ದು 2016ರ ಏಪ್ರಿಲಿನಲ್ಲಿ. ಅದೇ ತಿಂಗಳು ಒಂಬತ್ತು ಡಬ್ಬಿಗಳ ಲೋಕಲ್‌ಗಳ ಜಾಗಕ್ಕೆ ಹನ್ನೆರಡು ಡಬ್ಬಿಗಳವು ಬರತೊಡಗಿದವು. ಹೊಸ ಗಾಡಿ ಬರುವ ಮುನ್ನವೇ ಪ್ಲಾಟ್‌ಫಾರ್ಮುಗಳನ್ನು ಉದ್ದ ಮಾಡಿದ್ದರು. ಮೇಲಿನ ತಂತಿಗಳ ವ್ಯವಸ್ಥೆಯನ್ನು ಸಜ್ಜುಗೊಳಿಸಿದ್ದರು. ಇವನ್ನು ಬಿಟ್ಟು ಮೊದಲು ಗಾಡಿ ಬಿಟ್ಟಿದ್ದರೆ ಕೊನೆಯ ಮೂರು ಡಬ್ಬಿಯವರು ಜಲ್ಲಿಕಲ್ಲಿನ ಮೇಲೆ ಇಳಿಯಬೇಕಾಗುತ್ತಿತ್ತು. ಹಳೆಯ ಡ್ರೈವರುಗಳ ಮೇಲೆ ಹೊಸ ವಿಂಡೋಸ್ ತಂದರೆ ಆಗುವುದೂ ಇಷ್ಟೇ. ಗಾಡಿ ಬಂದಿರುತ್ತದೆ; ಪ್ರಿಂಟರ್ ಮೂಗವಾಗಿರುತ್ತದೆ, ವೈಫೈ ಕಣ್ಮರೆಯಾಗಿರುತ್ತದೆ.

ಬ್ಯಾಂಕುಗಳಿಗೆ ಈ ಪಾಠ ಹೊಸದಲ್ಲ. ನಾನು ಸೇವೆಗೆ ಸೇರುವ ಮುಂಚಿನ ಮಾತು. 1999ರಲ್ಲಿ 'ವೈ-ಟೂ-ಕೆ' ಎಂದು ಜಗತ್ತೆಲ್ಲ ಬೆದರಿತ್ತಷ್ಟೆ. ಹಲವು ಹಳೆಯ ಯಂತ್ರಗಳಲ್ಲಿ ದೋಷವಿದ್ದದ್ದು ಬಯೋಸಿನಲ್ಲಿಯೇ. 1999ರ ಡಿಸೆಂಬರ್ 31ರ ಮರುದಿನವನ್ನು ಅದು 1900 ಎಂದೋ 1980 ಎಂದೋ ತಿಳಿಯುತ್ತಿತ್ತು. ಅಂಥ ಯಂತ್ರದಲ್ಲಿ ಮೇಲಿನ ಲೆಕ್ಕದ ತಂತ್ರಾಂಶ ಎಷ್ಟು ಸರಿಯಿದ್ದರೂ ಬಡ್ಡಿ ತಪ್ಪಾದೀತು. ಆ ವರ್ಷ ಶಾಖೆ ಶಾಖೆಗೂ ತಿರುಗಿ ತಾರೀಖು ಮುಂದಿಟ್ಟು ಪರೀಕ್ಷಿಸಿದ ಹಿರಿಯ ಸಹೋದ್ಯೋಗಿಗಳು ಆ ರಾತ್ರಿಗಳ ಕಥೆಯನ್ನು ನಿವೃತ್ತಿಯಾಗುವವರೆಗೂ ಹೇಳುತ್ತಿದ್ದರು.

ಈಗ ಈ ಮಾತು ಮನೆಮನೆಗೂ ಬಂದಿದೆ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅಂದಿನಿಂದ ಆ ಯಂತ್ರಗಳು ನಿಂತುಹೋಗಲಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಮದ್ದು ತಾನಾಗಿ ಬರುವುದು ನಿಂತಿತು. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತಿದ್ದುಪಡಿಗಳನ್ನು ಕೊಡುವ ಏರ್ಪಾಡನ್ನು ಕಂಪನಿ ಪ್ರಕಟಿಸಿತು. ವಿಂಡೋಸ್ 11 ಎಲ್ಲ ಯಂತ್ರಗಳಿಗೂ ಒಗ್ಗುವುದಿಲ್ಲ. ಇಂಟೆಲ್ ಪ್ರಾಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅನಂತರದ್ದೋ ಆಗಿರಬೇಕು, ಸೆಕ್ಯೂರ್ ಬೂಟ್ ಸೌಲಭ್ಯವಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಅಂಗವಿರಬೇಕು. ಇದನ್ನೆಲ್ಲ ಪರೀಕ್ಷಿಸಲು ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ತಂತ್ರಾಂಶದ ಹೆಸರೇ 'ಪಿಸಿ ಹೆಲ್ತ್ ಚೆಕ್'. ಅದು 'ಟಿಪಿಎಂ ಇಲ್ಲ' ಎಂದಾಕ್ಷಣ ಹೊಸ ಯಂತ್ರ ಕೊಳ್ಳಲು ಓಡಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಬಯೋಸಿನೊಳಗೆ ಆರಿಸಿಟ್ಟಿರುತ್ತದೆ. ಅಲ್ಲಿ ಅದಕ್ಕೆ ಪಿ.ಟಿ.ಟಿ. ಎಂದೋ ಎಫ್‌ಟಿಪಿಎಂ ಎಂದೋ ಬೇರೆ ಹೆಸರಿರುತ್ತದೆ. ಹೊತ್ತಿಸಿದರೆ ಸಾಕು.

ಮೊದಲ ಕೆಲಸ ಡ್ರೈವರೂ ಅಲ್ಲ, ಬಯೋಸೂ ಅಲ್ಲ, ಪ್ರತಿ ತೆಗೆಯುವುದು. ಫೋಟೋ, ರಿಪೋರ್ಟು, ವಿಮೆಯ ಕಾಗದ, ಆದಾಯ ತೆರಿಗೆಯ ಕಡತ ಎಲ್ಲವನ್ನೂ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿರಿ. ಮಾಡಿದ ಮೇಲೆ ಅದನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ನಾಲ್ಕು ಕಡತಗಳನ್ನಾದರೂ ತೆರೆದು ನೋಡಿರಿ. ತೆರೆದು ನೋಡದ ಪ್ರತಿಯೂ ಎಣಿಸದ ನೋಟಿನ ಕಂತೆಯೂ ನನ್ನ ದೃಷ್ಟಿಯಲ್ಲಿ ಒಂದೇ. ಇನ್ನೊಂದು ಪ್ರತಿ ಮನೆಯ ಹೊರಗೆ ಇರಲಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದು ಮಿಠಿ ನದಿ ಕುರ್ಲಾದ ಮನೆಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ನೆಲಮಹಡಿಯವರ ಯಂತ್ರವೂ ಅದರ ಪಕ್ಕದ ಡ್ರಾಯರಿನಲ್ಲಿದ್ದ ಪ್ರತಿಯೂ ಒಂದೇ ನೀರಿನಲ್ಲಿ ಮುಳುಗಿದವು.

ಎರಡನೆಯದು ನನ್ನನ್ನು ಕೆಡವಿದ ಆ ಕೀ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹು ಮಂದಿಗೆ ತಮ್ಮ ಯಂತ್ರಕ್ಕೆ ಬೀಗ ಬಿದ್ದಿರುವುದೇ ತಿಳಿದಿರುವುದಿಲ್ಲ. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕಾಗ, ಡಿಸ್ಕಿನಲ್ಲಿರುವುದೆಲ್ಲ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ. ಇದಕ್ಕೆ ಬಿಟ್‌ಲಾಕರ್ ಎಂದೋ ಡಿವೈಸ್ ಎನ್‌ಕ್ರಿಪ್ಷನ್ ಎಂದೋ ಹೆಸರು. ಯಂತ್ರ ಕಳುವಾದರೆ ಕಳ್ಳನಿಗೆ ಏನೂ ಓದಲಾಗದಿರಲಿ ಎಂಬ ಸದುದ್ದೇಶ. ಬೀಗದ ಕೈ ಟಿಪಿಎಂ ಬಳಿ ಇರುತ್ತದೆ. ಅದು ನಮ್ಮ ಕೌಂಟರಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುವ ಅಧಿಕಾರಿಯಂತೆ. ಪ್ರತಿ ಸಲ ಯಂತ್ರ ಎದ್ದಾಗ ಫರ್ಮ್‌ವೇರಿನ ಗುರುತನ್ನು ತಾಳೆನೋಡಿ, ಹೊಂದಿದರೆ ಮಾತ್ರ ಕೈ ಕೊಡುತ್ತದೆ. ಬಯೋಸನ್ನು ಹೊಸದು ಮಾಡಿದಿರೋ, ಸಹಿ ಬದಲಾಯಿತು. ಖಾತೆದಾರರು ಎಷ್ಟೇ ಪರಿಚಿತರಿರಲಿ, ಸಹಿ ಹೊಂದದ ಚೆಕ್ಕನ್ನು ನಾನು ಪಾಸು ಮಾಡುವುದಿಲ್ಲ. ಟಿಪಿಎಂ ಕೂಡ ಮಾಡುವುದಿಲ್ಲ. ಆಗ ಉಳಿಯುವ ದಾರಿ 48 ಅಂಕಿಗಳ ರಿಕವರಿ ಕೀ ಒಂದೇ. ಅದಿಲ್ಲದಿದ್ದರೆ ಮೈಕ್ರೋಸಾಫ್ಟಿನವರೂ ತೆರೆದುಕೊಡಲಾರರು, ಲ್ಯಾಮಿಂಗ್ಟನ್ ರೋಡಿನ ಯಾವ ಚತುರನೂ ತೆರೆಯಲಾರ.

ಆದ್ದರಿಂದ ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಆ ಕೀಯನ್ನು ಹುಡುಕಿ ತೆಗೆಯಿರಿ. ಯಾರ ಹೆಸರಿನ ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರ ನಡೆಯುತ್ತಿದೆಯೋ ಆ ಖಾತೆಯೊಳಗೆ ಸಾಮಾನ್ಯವಾಗಿ ಅದು ಇರುತ್ತದೆ. ಆ ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ. ಮಕ್ಕಳೋ ಅಂಗಡಿಯವನೋ ತೆರೆದ ಖಾತೆಯಾದರೆ ಇಂದೇ ವಿಚಾರಿಸಿರಿ. ಕೀಯನ್ನು ಕಾಗದದ ಮೇಲೆ ಬರೆದು, ಅದೇ ಯಂತ್ರದಲ್ಲಲ್ಲ, ಬೇರೆ ಕಡೆ ಇಡಿ. ತಾಯಿಯವರು ಬರೆದುಕೊಂಡ ಆ ಹಾಳೆ ಈಗ ಅವರ ಆಸ್ಪತ್ರೆಯ ಫೈಲಿನಲ್ಲಿಯೇ ಇದೆ. ಬಯೋಸಿಗೆ ಕೈಹಾಕುವ ಮುನ್ನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಲು 'ಸಸ್ಪೆಂಡ್' ಎಂಬ ಸೌಲಭ್ಯವಿದೆ, ಅದನ್ನು ಬಳಸಿರಿ. ಹೊಸ ಸಹಿಯನ್ನು ಮಾದರಿಯಾಗಿ ಸ್ವೀಕರಿಸಿ ಅದು ಮತ್ತೆ ಕಾವಲಿಗೆ ನಿಲ್ಲುತ್ತದೆ.

ಇನ್ನು ಬಯೋಸಿನ ಸರದಿ. ಇದು ಹೃದಯದ ಶಸ್ತ್ರಚಿಕಿತ್ಸೆಯಂತೆ, ನಡುವೆ ನಿಲ್ಲಿಸುವಂತಿಲ್ಲ. ಚಿಪ್ಪಿನ ಮೇಲಿನ ಹಳೆಯ ಬರಹವನ್ನು ಅಳಿಸಿ ಹೊಸದನ್ನು ಬರೆಯುತ್ತಿರುವ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಯಂತ್ರ ಮತ್ತೆ ಏಳದಿರಬಹುದು. ಬಯೋಸ್ ಅಳಿದರೆ ಏನಾಗುತ್ತದೆಂಬುದನ್ನು 1999ರ ಏಪ್ರಿಲ್ 26ರಂದು ಚೆರ್ನೋಬಿಲ್ ಎಂದು ಹೆಸರಾದ ವೈರಸ್ ಜಗತ್ತಿಗೆ ತೋರಿಸಿಕೊಟ್ಟಿತು. ಅದು ಬಯೋಸ್ ಕೆಡಿಸಿದ ಯಂತ್ರಗಳು ಗುಂಡಿ ಒತ್ತಿದರೂ ಎಚ್ಚರಗೊಳ್ಳಲಿಲ್ಲ. "ಮುಂಬಯಿಯಲ್ಲಿ ಕರೆಂಟು ಹೋಗುವುದುಂಟೆ? ಅದೇನಿದ್ದರೂ ನಮ್ಮ ಊರಿನಲ್ಲಿ" ಎಂದು ನಾವು ಹೆಮ್ಮೆಪಡುತ್ತೇವೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮಹಾನಗರ ಕತ್ತಲಾಗಿ ಲೋಕಲ್‌ಗಳು ಹಳಿಯ ಮೇಲೆಯೇ ನಿಂತಿದ್ದವು ಎಂಬುದನ್ನು ನೆನಪಿಡಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿ ಪೂರ್ತಿ ತುಂಬಿರಲಿ, ಜೊತೆಗೆ ಚಾರ್ಜರೂ ಚುಚ್ಚಿರಲಿ. ಮೇಜಿನ ಮೇಲಿನ ಯಂತ್ರವಾದರೆ ಯು.ಪಿ.ಎಸ್. ಬೇಕೇ ಬೇಕು; ಅದರ ಬ್ಯಾಟರಿ ಸತ್ತಿಲ್ಲವೆಂದು ಮೊದಲೇ ಪರೀಕ್ಷಿಸಿರಬೇಕು. ಗುಡುಗು ಮಿಂಚಿನ ಸಂಜೆ ಈ ಕೆಲಸ ಬೇಡ.

ಯಂತ್ರದ ಮಾದರಿಯ ಹೆಸರು ಅಕ್ಷರಶಃ ಹೊಂದಬೇಕು. ತಳಭಾಗದ ಚೀಟಿಯಲ್ಲಿ ಅದು ಇರುತ್ತದೆ. ಒಂದೇ ಕಂಪನಿಯ ಒಂದೇ ಸರಣಿಯಲ್ಲಿ ಕೊನೆಯ ಎರಡು ಅಕ್ಷರ ಬೇರೆಯಾದರೂ ಒಳಗಿನ ಹಲಗೆ ಬೇರೆಯಾಗಿರಬಹುದು. ಅಣ್ಣನ ಔಷಧಿಯನ್ನು ತಮ್ಮನಿಗೆ ಕುಡಿಸಿದಂತಾದೀತು. ಈಗಿರುವ ಆವೃತ್ತಿಯ ಸಂಖ್ಯೆಯನ್ನು ವಿಂಡೋಸಿನ 'ಸಿಸ್ಟಮ್ ಇನ್‌ಫರ್ಮೇಶನ್' ಪುಟದಲ್ಲಿ ನೋಡಿ ಬರೆದುಕೊಳ್ಳಿ. ತಯಾರಕರ ಸ್ವಂತ ತಾಣದಿಂದಲೇ, ಇಲ್ಲವೇ ಅವರು ಯಂತ್ರದಲ್ಲಿ ಕೊಟ್ಟಿರುವ ತಂತ್ರಾಂಶದಿಂದಲೇ ಹೊಸದನ್ನು ಪಡೆಯಿರಿ. ಜೊತೆಗಿರುವ ಟಿಪ್ಪಣಿಯನ್ನು ಓದಿರಿ. ಕೆಲವು ಯಂತ್ರಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಹಾಕಿಯೇ ಮುಂದಿನದಕ್ಕೆ ಹೋಗಬೇಕೆಂಬ ಷರತ್ತು ಇರುತ್ತದೆ. ಕೆಲಸ ಶುರುವಾದ ಮೇಲೆ ಪರದೆ ಕಪ್ಪಾಗಬಹುದು, ಫ್ಯಾನು ಜೋರಾಗಿ ತಿರುಗಬಹುದು, ಯಂತ್ರ ತಾನಾಗಿ ಎರಡು ಮೂರು ಬಾರಿ ಆರಿ ಹೊತ್ತಬಹುದು. ಗಾಬರಿಯಾಗಿ ಗುಂಡಿ ಒತ್ತುವವರೇ ಹೆಚ್ಚು ಕೆಡಿಸಿಕೊಳ್ಳುವವರು. ಕೈಕಟ್ಟಿ ಕುಳಿತುಕೊಳ್ಳಿ.

"ಚೆನ್ನಾಗಿ ನಡೆಯುತ್ತಿರುವ ಬಯೋಸನ್ನು ಮುಟ್ಟಬೇಡ" ಎನ್ನುವ ಹಳಬರ ಮಾತಿನಲ್ಲಿ ಹುರುಳಿದೆ. ಸುಮ್ಮಸುಮ್ಮನೆ ಮುಟ್ಟಬಾರದು ಎಂದೇ ನನ್ನ ಮತವೂ. ಆದರೆ ಹೊಸ ಆಪರೇಟಿಂಗ್ ಸಿಸ್ಟಮ್ ಬರುವ ಹೊತ್ತು ಆ ನಿಯಮಕ್ಕೆ ಅಪವಾದ. ಇನ್ನೊಂದು ಕಾರಣವೂ ಸೇರಿಕೊಂಡಿದೆ. ಸೆಕ್ಯೂರ್ ಬೂಟ್ ನಂಬಿಕೊಂಡಿರುವ ಮೈಕ್ರೋಸಾಫ್ಟಿನ ಮೂಲ ಪ್ರಮಾಣಪತ್ರಗಳು 2011ರವು. ಅವುಗಳ ಅವಧಿ ಮುಗಿಯತೊಡಗುವುದು 2026ರ ಜೂನಿನಿಂದ. ಅವುಗಳ ಸ್ಥಾನಕ್ಕೆ 2023ರವು ಬರಬೇಕು, ಮತ್ತು ಕೆಲವು ಯಂತ್ರಗಳಲ್ಲಿ ಅದಕ್ಕೆ ತಯಾರಕರ ಹೊಸ ಫರ್ಮ್‌ವೇರ್ ಬೇಕಾಗುತ್ತದೆ.

ಡ್ರೈವರುಗಳ ವಿಷಯದಲ್ಲಿ ಅಪಾಯ ಬೇರೆ ತರಹದ್ದು. ಅಂತರಜಾಲದಲ್ಲಿ ಏನೋ ನೋಡುತ್ತಿರುವಾಗ "ನಿಮ್ಮ 27 ಡ್ರೈವರುಗಳು ಹಳತಾಗಿವೆ, ಇಲ್ಲಿ ಒತ್ತಿರಿ" ಎಂಬ ಕೆಂಪು ಫಲಕ ಎದ್ದುಬರುತ್ತದೆ. ಒತ್ತಲೇಬೇಡಿ. ಹಾಗೆ ಒತ್ತಿ, ಅನಂತರ 'ಸಹಾಯ'ಕ್ಕೆಂದು ಫೋನ್ ಮಾಡಿದವನಿಗೆ ಯಂತ್ರದ ಹತೋಟಿಯನ್ನೇ ಒಪ್ಪಿಸಿ, ಠೇವಣಿ ಕರಗಿದ ಮೇಲೆ ಕೌಂಟರಿಗೆ ಬಂದು ಕಣ್ಣೀರಿಡುವವರನ್ನು ನಾನು ಕಂಡಿದ್ದೇನೆ. ಡ್ರೈವರಿಗೆ ಎರಡೇ ಬಾಗಿಲು: ವಿಂಡೋಸ್ ಅಪ್‌ಡೇಟ್ ಒಂದು, ತಯಾರಕರ ತಾಣ ಇನ್ನೊಂದು. ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ. ವೈದ್ಯರು ಮಾತ್ರೆಗಳನ್ನು ಒಂದೊಂದಾಗಿ ಬದಲಿಸುವುದು ಯಾವುದರಿಂದ ಮೈಗೆ ಆಗಲಿಲ್ಲವೆಂದು ತಿಳಿಯಲಿಕ್ಕಾಗಿ ತಾನೆ? ಮೊದಲು ಚಿಪ್‌ಸೆಟ್, ಆಮೇಲೆ ನೆಟ್‌ವರ್ಕ್, ಕೊನೆಗೆ ಪರದೆಯದು ಮತ್ತು ಪ್ರಿಂಟರಿನದು. ಪ್ರತಿಯೊಂದರ ನಂತರ ಯಂತ್ರವನ್ನು ಮರುಚಾಲನೆ ಮಾಡಿ ನೋಡಿರಿ. ಕೆಟ್ಟರೆ 'ಡಿವೈಸ್ ಮ್ಯಾನೇಜರ್' ಒಳಗೆ ಹಿಂದಿನ ಡ್ರೈವರಿಗೆ ಮರಳುವ ದಾರಿಯುಂಟು. ವೈಫೈ ಡ್ರೈವರಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ. ನವೀಕರಣದ ನಂತರ ವೈಫೈ ಮುನಿಸಿಕೊಂಡರೆ ಅದರ ಡ್ರೈವರನ್ನು ಇಳಿಸಿಕೊಳ್ಳಲು ವೈಫೈಯೇ ಇರುವುದಿಲ್ಲವಷ್ಟೆ.

ಡ್ರೈವರಿನಲ್ಲಿ ಎಡವಿದರೆ ಯಂತ್ರವೇ ಏಕೆ ಬೀಳುತ್ತದೆಂದು ಕೆಲವರು ಕೇಳುತ್ತಾರೆ. ಅನೇಕ ಡ್ರೈವರುಗಳು ಕೆಲಸ ಮಾಡುವುದು ವಿಂಡೋಸಿನ ಗರ್ಭಗುಡಿಯಲ್ಲಿ. ಅಲ್ಲಿ ಒಬ್ಬರು ಜಾರಿದರೆ ಪೂಜೆಯೇ ನಿಲ್ಲುತ್ತದೆ. 2024ರ ಜುಲೈ 19ರಂದು ಆದದ್ದು ಅದೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ದೋಷಯುಕ್ತ ಕಡತವೊಂದನ್ನು ಅದರ ಡ್ರೈವರ್ ಓದಿದ್ದರಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಟ್ಟರು. ಆ ಯಂತ್ರಗಳನ್ನು ಎಬ್ಬಿಸಲು ಹೊರಟಾಗ ಎಷ್ಟೋ ಕಚೇರಿಗಳಲ್ಲಿ ಅಡ್ಡ ನಿಂತದ್ದು ಅದೇ ಬಿಟ್‌ಲಾಕರ್ ಕೀ.

ಕನ್ನಡಿಗರಾದ ನಮಗೆ ಇನ್ನೊಂದು ಎಚ್ಚರಿಕೆ ಅಗತ್ಯ. ನಮ್ಮ ಸಂಘದ ಹಳೆಯ ಸದಸ್ಯರ ಪಟ್ಟಿಗಳೂ ಹಿಂದಿನ ಸಂಚಿಕೆಗಳ ಲೇಖನಗಳೂ 'ನುಡಿ', 'ಬರಹ'ಗಳ ಯುನಿಕೋಡ್ ಪೂರ್ವದ ಅಕ್ಷರಗಳಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣಿಸುತ್ತದೆ. ಕಡತ ಕೆಟ್ಟಿತೆಂದು ಅಳಿಸಿಬಿಡುವ ಅಪಾಯವಿದೆ. ಕಚೇರಿಯ ಯಂತ್ರದಲ್ಲಿ ಆಗಲೇ ಒಬ್ಬರು ಅಳಿಸಲು ಹೊರಟಿದ್ದರು; ಖಜಾಂಚಿಗಳು ಕೈ ಹಿಡಿದರು. ನವೀಕರಣಕ್ಕೆ ಮುನ್ನ ಆ ಫಾಂಟುಗಳನ್ನೂ ಕೀಲಿಮಣೆಯ ತಂತ್ರಾಂಶವನ್ನೂ ಬೇರೆ ತೆಗೆದಿಡಿ. ಮುಖ್ಯ ಕಡತಗಳನ್ನು ಪಿ.ಡಿ.ಎಫ್. ಮಾಡಿಡಿ, ಬಿಡುವಾದಾಗ ಯುನಿಕೋಡಿಗೆ ಪರಿವರ್ತಿಸಿರಿ.

ಇಷ್ಟೆಲ್ಲ ಆದ ಮೇಲೆ ಒಂದು ವಾರ ಯಂತ್ರವನ್ನು ಮಾಮೂಲಿನಂತೆ ಬಳಸಿ, ಏನೂ ತೊಂದರೆಯಿಲ್ಲವೆಂದು ಕಂಡ ಮೇಲೆಯೇ ವಿಂಡೋಸ್ 11ಕ್ಕೆ ಕೈಹಾಕಿರಿ. ಮಾರ್ಚ್ 31ರ ಹಿಂದುಮುಂದು, ಆಸ್ಪತ್ರೆಯ ತಾರೀಖಿನ ವಾರ, ಸಂಘದ ಮಹಾಸಭೆಯ ಮುನ್ನಾದಿನ ಸರ್ವಥಾ ಬೇಡ. ಮಾಡಿದ ಮೇಲೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಳೆಯದಕ್ಕೆ ಹಿಂತಿರುಗುವ ಅವಕಾಶವಿರುತ್ತದೆ. ಆ ಹತ್ತು ದಿನ ಪ್ರಿಂಟರ್, ಸ್ಕ್ಯಾನರ್, ಕ್ಯಾಮೆರಾ ಎಲ್ಲವನ್ನೂ ಬಳಸಿ ನೋಡಿರಿ. ಅರ್ಹತೆಯಿಲ್ಲದ ಹಳೆಯ ಯಂತ್ರಕ್ಕೆ "ಹೇಗೋ ಮಾಡಿ ಹಾಕಿಕೊಡುತ್ತೇವೆ" ಎನ್ನುವ ಅಂಗಡಿಯವರೂ ಇದ್ದಾರೆ. ಹಾಗೆ ಹಾಕಿಸಿದ್ದಕ್ಕೆ ಮುಂದೆ ತಿದ್ದುಪಡಿಗಳು ಬಂದೇ ಬರುತ್ತವೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಂಥ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡದೆ, ಅಂತರಜಾಲದಿಂದ ದೂರವಿಟ್ಟು, ಬರೆಯಲು ಓದಲು ಬಳಸಿಕೊಳ್ಳುವುದು ಮೇಲು. ಕಲಿಯುವ ಉತ್ಸಾಹವಿರುವ ಮನೆಯಲ್ಲಿ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಸಂಘದ ಕಚೇರಿಯ ಯಂತ್ರದ ಕೆಲಸವನ್ನು ನಾಡಹಬ್ಬ ಮುಗಿದ ಮೇಲಿನ ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ. ತಮ್ಮ ಲ್ಯಾಪ್‌ಟಾಪಿನ ಬಗ್ಗೆ ಸಂದೇಹವಿರುವ ಸದಸ್ಯರು ಅಂದು ಬೆಳಿಗ್ಗೆ ಬರಬಹುದು. ಬರುವಾಗ ಚಾರ್ಜರನ್ನೂ ಖಾತೆ ತೆರೆದವರ ಫೋನ್ ನಂಬರನ್ನೂ ತರಲು ಮರೆಯಬಾರದಾಗಿ ವಿನಂತಿ.